ಯಹೂದಿ ಮಾಧ್ಯಮಿಕ ಶಾಲಾ ಶಿಕ್ಷಣ

ಯಹೂದಿ ಮಾಧ್ಯಮಿಕ ಶಾಲಾ ಶಿಕ್ಷಣ ಎಂಬುದು ಸುಮಾರು 11ರಿಂದ 14 ವರ್ಷ ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ, ಇತಿಹಾಸ ಮೊದಲಾದ ಲೌಕಿಕ ವಿಷಯಗಳನ್ನೂ, ಹೀಬ್ರೂ ಭಾಷೆ, ಧರ್ಮಗ್ರಂಥ, ಪ್ರಾರ್ಥನೆ ಮತ್ತು ಆಚರಣೆಗಳನ್ನೂ ಒಂದೇ ಶಾಲೆಯ ಒಂದೇ ವೇಳಾಪಟ್ಟಿಯಲ್ಲಿ ಕಲಿಸುವ ವ್ಯವಸ್ಥೆಯಾಗಿದೆ. ಇಸ್ರೇಲ್, ಅಮೆರಿಕ, ಬ್ರಿಟನ್, ಫ್ರಾನ್ಸ್, ಕೆನಡಾ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾ ದೇಶಗಳಲ್ಲಿ ಇಂತಹ ಶಾಲೆಗಳು ಇವೆ. ಭಾರತದಲ್ಲಿ ಮುಂಬಯಿ ಮತ್ತು ಕೋಲ್ಕತ್ತ ನಗರಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಯಹೂದಿ ಸಮುದಾಯದ ಶಾಲೆಗಳು ನಡೆದುಬಂದಿವೆ. ಕರ್ನಾಟಕದಲ್ಲಿ ಈ ಬಗೆಯ ಶಾಲೆ ಇಲ್ಲ. ಆದರೆ ಧರ್ಮಶಿಕ್ಷಣ ಮತ್ತು ಲೌಕಿಕ ಶಿಕ್ಷಣವನ್ನು ಜೊತೆಗೂಡಿಸುವ ಬೇರೆ ಬೇರೆ ಕ್ರಮಗಳು ದಾವಣಗೆರೆ, ಹರಿಹರದಂತಹ ಊರುಗಳಲ್ಲಿ ಪರಿಚಿತವಾಗಿದ್ದು, ಹೋಲಿಕೆಗಾಗಿ ಅವನ್ನು ಈ ಲೇಖನದ ಕೊನೆಯ ಭಾಗದಲ್ಲಿ ವಿವರಿಸಲಾಗಿದೆ.

ವಯೋಮಾನ

ನಮ್ಮ ರಾಜ್ಯದಲ್ಲಿ ಹಿಂದೆ ‘ಮಿಡ್ಲ್ ಸ್ಕೂಲ್’ ಎಂದೂ ಈಗ ಹಿರಿಯ ಪ್ರಾಥಮಿಕ ಶಾಲೆ ಎಂದೂ ಕರೆಯುವ ಹಂತಕ್ಕೆ ಇದು ಸರಿಹೊಂದುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಗಳನ್ನು ಒಂದು ಪ್ರತ್ಯೇಕ ಹಂತವೆಂದು ಪರಿಗಣಿಸಿದೆ. ಯಹೂದಿ ಸಂಪ್ರದಾಯದಲ್ಲಿ ಈ ವಯಸ್ಸಿಗೆ ಶಾಲೆಯನ್ನು ಮೀರಿದ ಮಹತ್ವವಿದೆ. ಹುಡುಗನು 13 ವರ್ಷ ತುಂಬಿದಾಗ, ಹುಡುಗಿಯು 12 ವರ್ಷ ತುಂಬಿದಾಗ ಧರ್ಮದ ವಿಧಿನಿಷೇಧಗಳಿಗೆ ಸ್ವತಃ ಬದ್ಧರಾಗುತ್ತಾರೆ. ಇದನ್ನು ಹುಡುಗರಿಗೆ ಬಾರ್ ಮಿಟ್ಜ್ವಾ, ಹುಡುಗಿಯರಿಗೆ ಬಾತ್ ಮಿಟ್ಜ್ವಾ ಎಂದು ಕರೆಯುತ್ತಾರೆ. ಅಲ್ಲಿಯವರೆಗೆ ತಂದೆತಾಯಿಯ ಮೇಲಿದ್ದ ಹೊಣೆ ಅಂದಿನಿಂದ ಮಗುವಿನದಾಗುತ್ತದೆ. ನಮ್ಮ ಸಮಾಜದಲ್ಲಿ ಉಪನಯನ ಅಥವಾ ಲಿಂಗದೀಕ್ಷೆಯನ್ನು ಇದಕ್ಕೆ ಹೋಲಿಸುವುದುಂಟು. ಹೋಲಿಕೆ ಭಾಗಶಃ ಮಾತ್ರ ಸರಿ. ಬಾರ್ ಮಿಟ್ಜ್ವಾದಲ್ಲಿ ಗುರುವು ಏನನ್ನೂ ಕೊಡುವುದಿಲ್ಲ. ವಯಸ್ಸು ತುಂಬಿದೊಡನೆ ಹೊಣೆ ತಾನಾಗಿ ಬರುತ್ತದೆ, ಸಮಾರಂಭ ನಡೆಯಲಿ ನಡೆಯದಿರಲಿ.

ಹಿನ್ನೆಲೆ

ಮಕ್ಕಳಿಗೆ ಓದು ಕಲಿಸುವುದು ಯಹೂದಿ ಧರ್ಮದಲ್ಲಿ ತಂದೆಯ ಕರ್ತವ್ಯ. ತಂದೆಯಿಲ್ಲದ ಮಕ್ಕಳು ಅಕ್ಷರದಿಂದ ವಂಚಿತರಾಗುತ್ತಿದ್ದುದನ್ನು ಕಂಡು, ಕ್ರಿ. ಶ. ಒಂದನೆಯ ಶತಮಾನದ ಮುಖ್ಯ ಪುರೋಹಿತ ಯೆಹೋಶುವ ಬೆನ್ ಗಮ್ಲಾ ಎಂಬುವನು ಊರೂರಿಗೂ ಉಪಾಧ್ಯಾಯರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನೆಲ್ಲ ಸೇರಿಸುವಂತೆ ವಿಧಿಸಿದನೆಂದು ತಾಲ್ಮುದ್ ಗ್ರಂಥ ತಿಳಿಸುತ್ತದೆ. ಅದೇ ಗ್ರಂಥ ತರಗತಿಯ ಗಾತ್ರವನ್ನೂ ಹೇಳುತ್ತದೆ: 25 ಮಕ್ಕಳಿಗೆ ಒಬ್ಬ ಉಪಾಧ್ಯಾಯ, 40 ಮಕ್ಕಳಾದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಉಪಾಧ್ಯಾಯರು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೆಯ ತರಗತಿಗಳಿಗೆ 35 ಮಕ್ಕಳಿಗೊಬ್ಬ ಶಿಕ್ಷಕರನ್ನು ನಿಗದಿಪಡಿಸಿದೆ. ತುಂಬಿದ ತರಗತಿಯಲ್ಲಿ ಪಾಠ ಮಾಡಿದವರಿಗೆ ಆ ಹಳೆಯ ಲೆಕ್ಕ ಎಷ್ಟು ವಿವೇಕದ್ದೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಹಳೆಯ ಪಾಠಶಾಲೆಗಳಲ್ಲಿ ಧರ್ಮಗ್ರಂಥವೇ ಪಠ್ಯ. ಲೌಕಿಕ ವಿಷಯಗಳು ಅದರ ಪಕ್ಕದಲ್ಲಿ ಸಮಾನ ಸ್ಥಾನ ಪಡೆದದ್ದು ಯೂರೋಪಿನಲ್ಲಿ ಯಹೂದಿಗಳಿಗೆ ಪೌರಹಕ್ಕುಗಳು ದೊರೆಯತೊಡಗಿದ ಮೇಲೆ. 1853ರಲ್ಲಿ ರಬ್ಬಿ ಸ್ಯಾಮ್ಸನ್ ರಾಫೆಲ್ ಹಿರ್ಷ್ ಫ್ರಾಂಕ್‌ಫರ್ಟ್ ನಗರದಲ್ಲಿ ತೆರೆದ ಶಾಲೆ ಈ ದಿಸೆಯಲ್ಲಿ ಮುಖ್ಯವಾದುದು. ಧರ್ಮಾಧ್ಯಯನವೂ ಲೋಕವ್ಯವಹಾರದ ವಿದ್ಯೆಯೂ ಒಂದಕ್ಕೊಂದು ಪೂರಕ ಎಂಬುದು ಅವರ ನಿಲುವು. 1860ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಲಿಯಾನ್ಸ್ ಇಸ್ರಾಯಿಲಿತ್ ಯೂನಿವರ್ಸೆಲ್ ಸಂಸ್ಥೆ 1862ರಲ್ಲಿ ಮೊರಾಕ್ಕೊದ ತೆತುವಾನ್ ಪಟ್ಟಣದಲ್ಲಿ ತನ್ನ ಮೊದಲ ಶಾಲೆಯನ್ನು ಆರಂಭಿಸಿತು. ಮುಂದೆ ಅದರ ಶಾಲೆಗಳು ಉತ್ತರ ಆಫ್ರಿಕಾದಿಂದ ಬಗ್ದಾದಿನವರೆಗೆ ಹಬ್ಬಿದವು. ಲಂಡನ್ನಿನ ಯಹೂದಿ ಉಚಿತ ಶಾಲೆ 1732ರಷ್ಟು ಹಳೆಯದು. 1900ರ ಸುಮಾರಿಗೆ ಅಲ್ಲಿ 4,000ಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಹೆಣ್ಣುಮಕ್ಕಳ ಧರ್ಮಶಿಕ್ಷಣ ಬಹುಕಾಲ ಮನೆಯ ಮಟ್ಟದಲ್ಲೇ ಉಳಿದಿತ್ತು. 1917ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಸಾರಾ ಶೆನಿರರ್ ಎಂಬ ದರ್ಜಿ ವೃತ್ತಿಯ ಮಹಿಳೆ ಆರಂಭಿಸಿದ ಬೈಸ್ ಯಾಕೋವ್ ಶಾಲೆಗಳು ಸಂಪ್ರದಾಯಸ್ಥ ಕುಟುಂಬಗಳಲ್ಲಿ ಈ ಪದ್ಧತಿಯನ್ನು ಬದಲಿಸಿದವು.

ಪಠ್ಯ

ಮಾಧ್ಯಮಿಕ ಹಂತದ ಧರ್ಮಪಾಠದಲ್ಲಿ ತೋರಾ ಅಂದರೆ ಮೋಶೆಯ ಐದು ಗ್ರಂಥಗಳು, ಪ್ರವಾದಿಗಳ ಗ್ರಂಥಗಳು, ಮಿಷ್ನಾ, ಪ್ರಾರ್ಥನೆ, ಹಬ್ಬಗಳ ವಿಧಿ, ಯಹೂದಿ ಇತಿಹಾಸ ಹಾಗೂ ಹೀಬ್ರೂ ಭಾಷೆ ಸೇರುತ್ತವೆ. ಮಿಷ್ನಾ ಎಂಬುದು ಕ್ರಿ. ಶ. 200ರ ಸುಮಾರಿಗೆ ಸಂಕಲನಗೊಂಡ ಮೌಖಿಕ ಧರ್ಮಶಾಸ್ತ್ರ. ಅದರ ಮೇಲಿನ ದೀರ್ಘ ಚರ್ಚೆಯಾದ ಗೆಮಾರಾವನ್ನು ಸಂಪ್ರದಾಯಸ್ಥ ಶಾಲೆಗಳು ಈ ವಯಸ್ಸಿನಲ್ಲೇ ಆರಂಭಿಸುತ್ತವೆ. ಅದರ ಭಾಷೆ ಹೆಚ್ಚಾಗಿ ಅರಮಾಯಿಕ್ ಆದುದರಿಂದ ಮಗು ಮತ್ತೊಂದು ಭಾಷೆಯನ್ನೂ ಎದುರಿಸಬೇಕಾಗುತ್ತದೆ. ತೋರಾದ ಜೊತೆಗೆ ಫ್ರಾನ್ಸಿನ ಟ್ರ್ವಾ ಪಟ್ಟಣದ ರಾಶಿ (1040–1105) ಎಂಬ ವಿದ್ವಾಂಸನ ವ್ಯಾಖ್ಯಾನವನ್ನು ಓದಿಸುವುದು ವಾಡಿಕೆ. ನಮ್ಮಲ್ಲಿ ಕಾವ್ಯವನ್ನು ಟೀಕೆಯೊಡನೆ ಓದುತ್ತಿದ್ದ ಕ್ರಮವನ್ನು ಇದು ನೆನಪಿಸುತ್ತದೆ.

ಹೀಬ್ರೂ ಓದಿನ ಕಷ್ಟವನ್ನು ಕನ್ನಡದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಲದಿಂದ ಎಡಕ್ಕೆ ಬರೆಯುವ ಈ ಲಿಪಿಯಲ್ಲಿ 22 ಅಕ್ಷರಗಳಿದ್ದು ಎಲ್ಲವೂ ವ್ಯಂಜನಗಳೇ. ಸ್ವರಗಳನ್ನು ಅಕ್ಷರದ ಕೆಳಗೂ ಮೇಲೂ ಇಡುವ ಚುಕ್ಕೆ ಗೀಟುಗಳಿಂದ ಸೂಚಿಸುತ್ತಾರೆ. ಸಿನಗಾಗಿನಲ್ಲಿ, ಅಂದರೆ ಪ್ರಾರ್ಥನಾ ಮಂದಿರದಲ್ಲಿ, ಓದುವ ಕೈಬರಹದ ತೋರಾ ಸುರುಳಿಯಲ್ಲಿ ಈ ಚಿಹ್ನೆಗಳು ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತವನ್ನು ತೆಗೆದುಹಾಕಿ ‘ಕ’ ಮತ್ತು ‘ಲ’ ಎಂಬೆರಡೇ ಅಕ್ಷರಗಳನ್ನು ಬರೆದರೆ ಅದು ಕಾಲ, ಕಾಲು, ಕೋಲು, ಕೀಲು, ಕೂಲಿ ಏನೂ ಆಗಬಹುದು. ಬಾರ್ ಮಿಟ್ಜ್ವಾದ ಹುಡುಗ ಅಂತಹ ಬರಹವನ್ನು, ರಾಗದ ಗುರುತುಗಳೂ ಇಲ್ಲದೆ, ನಿಗದಿತ ಧಾಟಿಯಲ್ಲಿ ಸಭೆಯ ಮುಂದೆ ತಪ್ಪಿಲ್ಲದೆ ಓದಬೇಕು. ತಪ್ಪಿದರೆ ಪಕ್ಕದಲ್ಲಿ ನಿಂತವರು ಕೂಡಲೇ ತಿದ್ದುತ್ತಾರೆ. ತಿಂಗಳುಗಟ್ಟಲೆ ನಡೆಯುವ ಇದರ ತಯಾರಿ ಶಾಲೆಯ ಪಾಠಕ್ಕೆ ಒಂದು ಗುರಿಯನ್ನು ಒದಗಿಸುತ್ತದೆ.

ಇಬ್ಬರು ವಿದ್ಯಾರ್ಥಿಗಳು ಎದುರುಬದುರು ಕುಳಿತು ಒಂದೇ ಪಠ್ಯವನ್ನು ಗಟ್ಟಿಯಾಗಿ ಓದಿ, ವಾದಿಸಿ, ಅರ್ಥ ಮಾಡಿಕೊಳ್ಳುವ ಹವ್ರುತಾ ಎಂಬ ಜೋಡಿ ಅಧ್ಯಯನ ಈ ಶಾಲೆಗಳ ವಿಶಿಷ್ಟ ಪದ್ಧತಿ. ಆಗ ತರಗತಿ ಗದ್ದಲವಾಗಿರುತ್ತದೆ. ಅದನ್ನು ಅಶಿಸ್ತೆಂದು ಎಣಿಸುವುದಿಲ್ಲ.

ವೇಳಾಪಟ್ಟಿ

ಎರಡು ಪಠ್ಯಕ್ರಮಗಳನ್ನು ಒಂದು ದಿನದಲ್ಲಿ ಅಳವಡಿಸುವುದೇ ಈ ಶಾಲೆಗಳ ಮುಖ್ಯ ಸಮಸ್ಯೆ. ಸಂಪ್ರದಾಯಸ್ಥ ಶಾಲೆಗಳಲ್ಲಿ ಬೆಳಿಗ್ಗೆ ಪ್ರಾರ್ಥನೆ ಮತ್ತು ಧರ್ಮಪಾಠ, ಊಟದ ನಂತರ ಲೌಕಿಕ ಪಾಠ ನಡೆಯುತ್ತದೆ. ಇದರಿಂದ ಶಾಲೆಯ ದಿನ ಸಾಮಾನ್ಯ ಶಾಲೆಗಿಂತ ದೀರ್ಘವಾಗುತ್ತದೆ. ಬೇರೆ ಶಾಲೆಗಳು ಎರಡನ್ನೂ ಪಿರಿಯಡ್‌ಗಳಲ್ಲಿ ಬೆರೆಸುತ್ತವೆ. ಊಟದ ನಂತರದ ಪಿರಿಯಡ್ ಯಾವ ವಿಷಯಕ್ಕೆ ಬಂದಿತೋ ಆ ವಿಷಯ ಸೊರಗುತ್ತದೆ ಎಂಬುದು ಎಲ್ಲ ಶಾಲೆಗಳ ಅನುಭವವಾದ್ದರಿಂದ, ವೇಳಾಪಟ್ಟಿಯಲ್ಲಿ ಬೆಳಗಿನ ಹೊತ್ತನ್ನು ಯಾವುದಕ್ಕೆ ಕೊಟ್ಟಿದ್ದಾರೆಂಬುದನ್ನು ನೋಡಿದರೆ ಶಾಲೆಯ ಒಲವು ತಿಳಿಯುತ್ತದೆ. ಶನಿವಾರ ಸಬ್ಬತ್ ದಿನವಾದ್ದರಿಂದ ಶಾಲೆ ಇರುವುದಿಲ್ಲ. ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೇ ಆರಂಭವಾಗುವ ಕಾರಣ ಅಂದು ಬೇಗ ಬಿಡುತ್ತಾರೆ. ಶರತ್ಕಾಲದ ಹೊಸ ವರ್ಷದಿಂದ ಪರ್ಣಶಾಲೆಗಳ ಹಬ್ಬದವರೆಗೆ ಮೂರು ವಾರ ಪಾಠಗಳು ತುಂಡುತುಂಡಾಗುವುದೂ ಉಂಟು.

ವಿವಾದಗಳು

ಇಸ್ರೇಲಿನಲ್ಲಿ 1953ರ ಕಾನೂನು ಸರ್ಕಾರಿ ಶಾಲೆಗಳನ್ನು ಸಾಮಾನ್ಯ ಮತ್ತು ಧಾರ್ಮಿಕ ಎಂದು ಎರಡು ಧಾರೆಗಳಾಗಿ ವಿಂಗಡಿಸಿತು. ನ್ಯೂಯಾರ್ಕ್ ರಾಜ್ಯದಲ್ಲಿ ಹಸಿದಿ ಪಂಥದ ಕೆಲವು ಬಾಲಕರ ಶಾಲೆಗಳು ಲೌಕಿಕ ವಿಷಯಗಳನ್ನು ಸಾಕಷ್ಟು ಕಲಿಸುವುದಿಲ್ಲವೆಂಬ ದೂರುಗಳ ನಂತರ, ಖಾಸಗಿ ಶಾಲೆಗಳ ಬೋಧನೆ ಸರ್ಕಾರಿ ಶಾಲೆಗಳಿಗೆ ಸಮಾನವಾಗಿರಬೇಕೆಂಬ ನಿಯಮಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಲಾಯಿತು. ಬ್ರಿಟನ್ನಿನಲ್ಲಿ ವಿವಾದ ಬೇರೆಯದು. ಮೇಲೆ ಹೇಳಿದ ಲಂಡನ್ನಿನ ಶಾಲೆ, ತಾಯಿಯ ವಂಶದ ಮೂಲಕ ಯಹೂದಿಯಾದವರಿಗೆ ಪ್ರವೇಶದಲ್ಲಿ ಆದ್ಯತೆ ನೀಡುವುದು ಜನಾಂಗೀಯ ತಾರತಮ್ಯವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ನೀಡಿತು. ಶಾಲೆ ಯಾರದು, ಅಲ್ಲಿ ಯಾರು ಓದಬೇಕು ಎಂಬ ಈ ಪ್ರಶ್ನೆಗೆ ಭಾರತದಲ್ಲಿ ಕಾಲವೇ ಬೇರೊಂದು ಉತ್ತರ ಕೊಟ್ಟಿದೆ.

ಭಾರತದಲ್ಲಿ

ಭಾರತದ ಯಹೂದಿಗಳಲ್ಲಿ ಕೊಚ್ಚಿಯವರು, ಕೊಂಕಣ ತೀರದ ಬೆನೆ ಇಸ್ರೇಲರು ಮತ್ತು ಬಗ್ದಾದಿಗಳು ಮುಖ್ಯ ಪಂಗಡಗಳು. ಬೆನೆ ಇಸ್ರೇಲರು ಎಣ್ಣೆಗಾಣ ನಡೆಸುತ್ತಿದ್ದ, ಶನಿವಾರ ಗಾಣಕ್ಕೆ ಬಿಡುವು ಕೊಡುತ್ತಿದ್ದ ಕಾರಣ ‘ಶನಿವಾರ ತೇಲಿ’ ಎಂದು ಕರೆಸಿಕೊಂಡ ಮರಾಠಿ ಮಾತಿನ ಜನ. ಮುಂಬಯಿಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವನು. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ ಬಿಡುಗಡೆ ಹೊಂದಿದ್ದಕ್ಕೆ ಕೃತಜ್ಞತೆಯಾಗಿ ಅದನ್ನು ಕಟ್ಟಿಸಿದನೆಂದು ಸಮುದಾಯದ ಪರಂಪರೆ ಹೇಳುತ್ತದೆ.

ಬೆನೆ ಇಸ್ರೇಲರಲ್ಲಿ ಹೀಬ್ರೂ ಓದು ಬಹುಮಟ್ಟಿಗೆ ಮರೆತುಹೋಗಿತ್ತು. ಅದನ್ನು ಮತ್ತೆ ಕಲಿಸಿದವರಲ್ಲಿ ಕೊಚ್ಚಿಯ ಯಹೂದಿ ಉಪಾಧ್ಯಾಯರಂತೆ ಕ್ರೈಸ್ತ ಮಿಷನರಿಗಳೂ ಇದ್ದರು. 1829ರಲ್ಲಿ ಮುಂಬಯಿಗೆ ಬಂದ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಪ್ರಕಟಿಸಿದರು. ಮತಾಂತರದ ಉದ್ದೇಶದಿಂದ ಕಲಿಸಿದ ಭಾಷೆ ಆ ಜನರನ್ನು ತಮ್ಮ ಧರ್ಮಕ್ಕೇ ಇನ್ನಷ್ಟು ಹತ್ತಿರ ತಂದಿತು. ಸಮುದಾಯದ ಸ್ವಂತ ಶಾಲೆಯನ್ನು 1875ರಲ್ಲಿ ಹಾಯಿಮ್ ಸ್ಯಾಮ್ಯುಯಲ್ ಕೆಹಿಮ್‌ಕರ್ ಮುಂಬಯಿಯಲ್ಲಿ ಸ್ಥಾಪಿಸಿದರು. ಇಸ್ರಾಯಲೈಟ್ ಸ್ಕೂಲ್ ಎಂಬ ಹೆಸರಿನ ಅಲ್ಲಿ ಮರಾಠಿ, ಇಂಗ್ಲಿಷ್‌ಗಳ ಜೊತೆಗೆ ಹೀಬ್ರೂ ಪಾಠವಿತ್ತು. ಮುಂದೆ ದಾನಿ ಸರ್ ಎಲಿ ಕಡೂರಿ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಬಗ್ದಾದಿ ಮಕ್ಕಳಿಗೆ ಬೈಕುಲ್ಲಾದಲ್ಲಿ ಸಸೂನ್ ಮನೆತನದ ಶಾಲೆ ಇದ್ದಿತು. ಕೋಲ್ಕತ್ತದಲ್ಲಿ 1881ರಲ್ಲಿ ಯಹೂದಿ ಬಾಲಿಕಾ ಶಾಲೆಯೂ 1882ರಲ್ಲಿ ಬಾಲಕರಿಗಾಗಿ ಇಲಿಯಾಸ್ ಮೇಯರ್ ಉಚಿತ ಶಾಲೆಯೂ ಆರಂಭವಾದವು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಸಮುದಾಯದ ಬಹುಪಾಲು ಜನ ವಲಸೆ ಹೋದರು. 1951ರಲ್ಲಿ ಸುಮಾರು 26 ಸಾವಿರವಿದ್ದ ಯಹೂದಿ ಜನಸಂಖ್ಯೆ 2011ರ ಜನಗಣತಿಯಲ್ಲಿ ಐದು ಸಾವಿರಕ್ಕಿಂತ ಕಡಿಮೆಯಾಗಿತ್ತು. ಶಾಲೆಗಳು ಮಾತ್ರ ಮುಚ್ಚಲಿಲ್ಲ. ಇಂದು ಬೈಕುಲ್ಲಾದ ಸಸೂನ್ ಶಾಲೆಯಲ್ಲೂ ಕೋಲ್ಕತ್ತದ ಬಾಲಿಕಾ ಶಾಲೆಯಲ್ಲೂ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ತಾನು ಯಾರಿಗಾಗಿ ಹುಟ್ಟಿತೋ ಅವರು ಊರು ಬಿಟ್ಟ ಮೇಲೆ ಶಾಲೆ ಸುತ್ತಲಿನ ಮಕ್ಕಳದಾಯಿತು. ಧರ್ಮಪಾಠ ವೇಳಾಪಟ್ಟಿಯಿಂದ ಹೊರಬಿದ್ದು ಸಿನಗಾಗುಗಳಿಗೂ ಓಆರ್‌ಟಿಯಂತಹ ಸಮುದಾಯ ಸಂಸ್ಥೆಗಳಿಗೂ ಸೇರಿತು. ಮುಂಬಯಿಯ ಯಹೂದಿ ಮಕ್ಕಳು ಈಗ ಸಾಮಾನ್ಯ ಶಾಲೆಗಳಲ್ಲಿ ಓದಿ, ಹೀಬ್ರೂವನ್ನು ಶಾಲೆಯ ಹೊರಗೆ ಕಲಿಯುತ್ತಾರೆ.

ದಾವಣಗೆರೆ ಮತ್ತು ಹರಿಹರ: ಒಂದು ಹೋಲಿಕೆ

ಕರ್ನಾಟಕದ ಯಹೂದಿಗಳು ಬೆಂಗಳೂರಿನ ಕೆಲವೇ ಕುಟುಂಬಗಳು. ಮೈಸೂರು ರಸ್ತೆಯಲ್ಲಿ ಅವರ ಹಳೆಯ ಸ್ಮಶಾನವಿದೆ. ದಾವಣಗೆರೆ ಜಿಲ್ಲೆಯ ವಿದ್ಯಾರ್ಥಿಗೆ ಈ ವಿಷಯ ದೂರದ್ದೆನಿಸಿದರೂ ಪ್ರಶ್ನೆ ದೂರದ್ದಲ್ಲ. ದಾವಣಗೆರೆಯಲ್ಲೂ, ಅಲ್ಲಿಂದ ಸುಮಾರು 14 ಕಿ. ಮೀ. ದೂರದ ಹರಿಹರದಲ್ಲೂ ಮುಸ್ಲಿಂ ಮಕ್ಕಳು ಶಾಲೆಗೆ ಮುನ್ನ ಅಥವಾ ಸಂಜೆ ಮಸೀದಿಯ ಮಕ್ತಬಿಗೆ ಹೋಗಿ ಕುರ್‌ಆನ್ ಓದು ಕಲಿಯುತ್ತಾರೆ. ಕ್ರೈಸ್ತ ಮಕ್ಕಳಿಗೆ ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ಇರುತ್ತದೆ. ಇವು ಶಾಲೆಯ ವೇಳಾಪಟ್ಟಿಯ ಹೊರಗಿನ ವ್ಯವಸ್ಥೆಗಳು.

ಲಿಂಗಾಯತ ಮಠಗಳು ಹಿಡಿದ ದಾರಿ ಇವೆರಡಕ್ಕೂ ಭಿನ್ನ. ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ನಾಡಿನ ಹಲವೆಡೆ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ದಾವಣಗೆರೆಯ ಜಯದೇವ ವೃತ್ತ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಹಳ್ಳಿಯ ಹುಡುಗ ಹಗಲು ಊರಿನ ಯಾವುದೋ ಶಾಲೆಯಲ್ಲಿ ಓದುತ್ತಾನೆ. ವಚನ, ಪ್ರಾರ್ಥನೆ, ದಾಸೋಹದ ಶಿಸ್ತು ಬೆಳಿಗ್ಗೆ ಸಂಜೆ ನಿಲಯದಲ್ಲಿ ಸಿಗುತ್ತವೆ. ಧರ್ಮ ವೇಳಾಪಟ್ಟಿಯಲ್ಲಿ ಅಲ್ಲ, ಊಟದ ಪಂಕ್ತಿಯಲ್ಲಿ ಸೇರಿತು. ಯಹೂದಿ ಶಾಲೆಯನ್ನು ಕಾಡುವ ಪಿರಿಯಡ್‌ಗಳ ಜಗಳ ಇಲ್ಲಿ ಹುಟ್ಟಲೇ ಇಲ್ಲ. ಶಾಲೆಯೊಳಗೇ ವಚನ ಸಂಸ್ಕೃತಿಗೆ ಸ್ಥಳ ಕೊಟ್ಟವುಗಳಲ್ಲಿ ಸಿರಿಗೆರೆಯ ತರಳಬಾಳು ವಿದ್ಯಾಸಂಸ್ಥೆಯ ಶಾಲೆಗಳು ಪ್ರಮುಖ. ದಾವಣಗೆರೆಯ ಅನುಭವ ಮಂಟಪ ಶಾಲೆ ಆ ಸಂಸ್ಥೆಗೆ ಸೇರಿದ್ದು. ವಚನದ ಭಾಷೆ ಮಕ್ಕಳ ಮನೆಮಾತೇ ಆಗಿರುವುದರಿಂದ ಹೀಬ್ರೂ, ಅರಮಾಯಿಕ್‌ಗಳಿಗೆ ಬೇಕಾಗುವ ವರ್ಷಗಟ್ಟಲೆ ಭಾಷಾಪಾಠ ಇಲ್ಲಿ ಬೇಕಾಗುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಾನೂನು

ಸಂವಿಧಾನದ 28ನೆಯ ವಿಧಿಯಂತೆ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅದು ನಡೆಯಬಹುದು. ಆದರೆ ಸ್ವಂತ ಒಪ್ಪಿಗೆ, ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಇಲ್ಲದೆ ಯಾವ ವಿದ್ಯಾರ್ಥಿಯನ್ನೂ ಅದಕ್ಕೆ ಕೂರಿಸುವಂತಿಲ್ಲ. 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನ ಹಾಗೂ ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಧರಿಸಬೇಕೆಂದು ಹೇಳಿತು. ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು ಜೈನ ಎಂಬ ಆರು ಸಮುದಾಯಗಳಿದ್ದು ಯಹೂದಿಗಳು ಅದರಲ್ಲಿ ಸೇರಿಲ್ಲ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ, ಗುಜರಾತ್ ಸರ್ಕಾರ 2018ರಲ್ಲಿ ತಮ್ಮ ರಾಜ್ಯಗಳ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿದವು.