ಎಲೆಅಡಿಕೆ ಹಾಕುವವರು ತಮ್ಮ ಬಾಯಿಯನ್ನು ತಾವೇ ನೋಡಿಕೊಳ್ಳುವುದು

ಅಡಿಕೆಯಿಂದಲೇ ಬದುಕುವ ನಾವು ಈ ವಿಷಯ ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಆದರೂ ಸದಸ್ಯ ಬಾಂಧವರಿಂದ ಮುಚ್ಚಿಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ ಕ್ಯಾನ್ಸರಿಗೆ ಕಾರಣವೆಂದು 1985ರಲ್ಲಿ ಹೇಳಿತ್ತು. 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. “ನಾನು ಹೊಗೆಸೊಪ್ಪು ಮುಟ್ಟುವುದಿಲ್ಲ, ನನಗೇನು?” ಎಂದು ನಾವೂ ಹೇಳುತ್ತಿದ್ದೆವು; ಆ ಮಾತು ಇನ್ನು ನಿಲ್ಲದು.

ಆದರೆ ಆ ಪಟ್ಟಿ ಹೇಳುವುದು ಕಾರಣ ಹೌದೆಂಬುದನ್ನು ಮಾತ್ರ. ಯಾರಿಗೆ ಎಷ್ಟು ಅಪಾಯವೆಂಬುದು ಅವರವರ ರೂಢಿಯ ಮೇಲಿದೆ. ಹಬ್ಬದೂಟದ ನಂತರ ಒಮ್ಮೆ ತಾಂಬೂಲ ಹಾಕುವವರೂ, ಅಡಿಕೆ ಸುಲಿಯುತ್ತ ದಿನಕ್ಕೆ ಹತ್ತು ಹದಿನೈದು ಸಲ ಹಾಕುವವರೂ ಒಂದೇ ಅಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷಗಳಿಂದ, ರಾತ್ರಿ ದವಡೆಯಲ್ಲಿಟ್ಟುಕೊಂಡೇ ಮಲಗುವುದುಂಟೇ, ಇವನ್ನು ಲೆಕ್ಕ ಹಾಕಿ. ಹೊಗೆಸೊಪ್ಪು ಸೇರಿದರೆ ಅಪಾಯ ಬಹಳ ಏರುತ್ತದೆ. ಬೀಡಿಯೂ ಮದ್ಯವೂ ಜೊತೆಗೂಡಿದರಂತೂ ಅದು ಕೂಡಿದ ಲೆಕ್ಕವಲ್ಲ, ಗುಣಿಸಿದ ಲೆಕ್ಕ. ಆಗ ಗಂಟಲಿಗೂ ಅಪಾಯ.

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆದಿಟ್ಟು, ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಎಲೆಅಡಿಕೆ ಇಟ್ಟುಕೊಳ್ಳುವ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಅದರ ಅಡಿ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಮುಖ್ಯವಾಗಿ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕತ್ತಿನ ಗಂಟು, ಬಿಡದ ಗೊಗ್ಗರು ಧ್ವನಿ ಕಂಡರೆ ತಡಮಾಡಬೇಡಿ. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ತಪ್ಪು. ಮೊದಲಿಗೆ ನೋವು ಇರುವುದೇ ಅಪರೂಪ.

ಅಡಿಕೆಯೊಂದರಿಂದಲೇ ಬರುವ ತೊಂದರೆ ಇನ್ನೊಂದಿದೆ. ಕೆನ್ನೆಯ ಒಳಪದರ ಗಡುಸಾಗಿ, ಖಾರ ತಾಗಿದರೆ ಉರಿದು, ವರ್ಷಗಳು ಕಳೆದಂತೆ ಬಾಯಿ ಬಿಗಿಯುತ್ತದೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂಭಾಗದ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಿ. ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟ, ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆ ಬಿಟ್ಟರೆ ಮುಂದಿನ ಹಾನಿ ಕಡಿಮೆಯಾಗುತ್ತದೆ.

ನೋಡಿದ ಮಾತ್ರಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ನೆರೆಯ ಕೇರಳದ ಉದಾಹರಣೆಯಿದೆ. ತಿರುವನಂತಪುರದ ಕಡೆ ತರಬೇತಾದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬರಿಗಣ್ಣಿನಿಂದಲೇ ಪರೀಕ್ಷಿಸಿದ್ದರು. ತಂಬಾಕು, ಮದ್ಯದ ರೂಢಿಯಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಕನ್ನಡಿ ನೋಡುವುದು ಅಂಥ ಪರೀಕ್ಷೆಗೆ ಬದಲಲ್ಲ. ದಿನವೂ ಹಾಕುವವರು ವರ್ಷಕ್ಕೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸುವುದು ಒಳ್ಳೆಯದು. ಸುಲಿಯಲು, ಕೊನೆ ತೆಗೆಯಲು ಬರುವವರಲ್ಲಿ ಹಾಕುವವರು ನಮಗಿಂತ ಹೆಚ್ಚು. ಅವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ.