ನಿಮ್ಮ ಬಾಯಲ್ಲೇ ಇದೆ ಇಂಗ್ಲಿಷು

ಅಕ್ಕಾ, ಬೆಳಿಗ್ಗೆಯಿಂದ ನೀವು ಏನೇನು ಮಾತಾಡಿದಿರಿ? ಸ್ವಲ್ಪ ನೆನಪು ಮಾಡಿಕೊಳ್ಳಿ.

“ಲೈಟು ಹಾಕು” ಅಂದಿರಿ. “ಗ್ಯಾಸು ಖಾಲಿ ಆಯ್ತು” ಅಂದಿರಿ. “ಬಸ್ಸು ಬಂತಾ?” ಅಂತ ಕೇಳಿದಿರಿ. “ಮೊಬೈಲು ಚಾರ್ಜಿಗೆ ಹಾಕು” ಅಂತ ಮಗಳಿಗೆ ಹೇಳಿದಿರಿ.

ಲೈಟು, ಗ್ಯಾಸು, ಬಸ್ಸು, ಮೊಬೈಲು, ಚಾರ್ಜು. ಐದೂ ಇಂಗ್ಲಿಷಿನಿಂದ ಬಂದ ಮಾತು. ಇನ್ನೂ ಎಷ್ಟೋ ಇವೆ. ಬ್ಯಾಂಕು, ರೇಷನ್ನು, ಡಾಕ್ಟರು, ಟಿಕೆಟ್ಟು. “ನನಗೆ ಇಂಗ್ಲಿಷು ಒಂದಕ್ಷರ ಬರೋದಿಲ್ಲ” ಅಂತೀರಲ್ಲ, ಅದು ಪೂರ್ತಿ ನಿಜ ಅಲ್ಲ.

ಆದರೆ ಈ ಮಾತುಗಳಿಗೆ ನಾವು ಒಂದು ಬಾಲ ಸೇರಿಸಿದ್ದೇವೆ. ಅದು ‘ಉ’ ಅನ್ನೋ ಬಾಲ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಬಸ್ಸು ಅಲ್ಲ, ಬಸ್. ರೋಡು ಅಲ್ಲ, ರೋಡ್. ಕೆಲವರು ಮುಂದೆಯೂ ‘ಇ’ ಸೇರಿಸ್ತಾರೆ. ಇಸ್ಕೂಲು ಅಂತಾರೆ. ಹಿಂದೂ ಮುಂದೂ ಕತ್ತರಿಸಿ. ಸ್ಕೂಲ್ ಉಳೀತದೆ.

ಈಗ ಪಕ್ಕದಲ್ಲಿ ಕೂತ ಅಕ್ಕನಿಗೆ ಇಂಥ ಹತ್ತು ಮಾತು ಹೇಳಿ. ಜೋರಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಾಲಿಗೆ ತಿರುಗೋದಿಲ್ಲ. ಬರೀ ನೋಡಿ ರೊಟ್ಟಿ ತಟ್ಟೋದು ಕಲಿತವರು ಯಾರಿದ್ದಾರೆ? ಕೈಗೆ ಹಿಟ್ಟು ಹತ್ತಲೇಬೇಕು.

ಇನ್ನು ಮಾತು ಜೋಡಿಸೋದು. ನಾವು “ನಾನು ನೀರು ಕುಡೀತೀನಿ” ಅಂತೀವಿ. ಮಾಡೋ ಕೆಲಸ ಕೊನೆಗೆ ಬರ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರ್ತದೆ. “ಐ ಡ್ರಿಂಕ್ ವಾಟರ್.” ನಾನು, ಕುಡೀತೀನಿ, ನೀರು. ಹಾಗೆಯೇ ‘ಐ ವಾಂಟ್’ ಅಂದರೆ ನನಗೆ ಬೇಕು. “ಐ ವಾಂಟ್ ವಾಟರ್.” “ಐ ವಾಂಟ್ ಎ ಟಿಕೆಟ್.” ಆ ‘ಎ’ ಅಂದರೆ ಒಂದು. ಅದನ್ನು ಮರೆತರೂ ಚಿಂತೆ ಇಲ್ಲ. ಕಂಡಕ್ಟರ್ ಟಿಕೆಟ್ ಕೊಟ್ಟೇ ಕೊಡ್ತಾನೆ.

‘ಯೂ’ ಅಂದರೆ ನೀನು. ನೀವು ಅನ್ನೋದಕ್ಕೂ ‘ಯೂ’ ಅಂತಲೇ ಹೇಳ್ತಾರೆ. ಮಗುವಿಗೂ ಯೂ, ಅತ್ತೆಗೂ ಯೂ! ಮೊದಲು ಹೇಳುವಾಗ ನಮಗೆ ಮುಜುಗರ ಆಗ್ತದೆ. ಆದರೆ ಅದು ಏಕವಚನ ಅಲ್ಲ. ಮರ್ಯಾದೆಗೆ ಅಂತಲೇ ಸರ್, ಮೇಡಂ, ಪ್ಲೀಸ್ ಇವೆ.

ನಮ್ಮ ಸಂಜೆ ಕಲಿಕೆಗೆ ಬರೋ ಒಬ್ಬ ಅಕ್ಕ ತಮ್ಮ ಕಥೆ ಹೇಳಿದರು. ಮಗನಿಗೆ ಕೆಮ್ಮು. ದೊಡ್ಡ ಊರಿನ ಆಸ್ಪತ್ರೆಗೆ ಕರಕೊಂಡು ಹೋದರು. ಅಲ್ಲಿನ ಡಾಕ್ಟರಿಗೆ ಕನ್ನಡ ಬರ್ತಿರಲಿಲ್ಲ. “ಕಮ್ ಆಫ್ಟರ್ ಫಿಫ್ಟೀನ್ ಡೇಸ್” ಅಂದರು. ಹದಿನೈದು ದಿನ ಬಿಟ್ಟು ಬನ್ನಿ ಅಂತ ಅರ್ಥ. ಅಕ್ಕನಿಗೆ ‘ಫಿಫ್ಟಿ’ ಅಂತ ಕೇಳಿಸಿತು. ಫಿಫ್ಟಿ ಅಂದರೆ ಐವತ್ತು. ತಲೆ ಆಡಿಸಿ ಬಂದುಬಿಟ್ಟರು. ಮಾತ್ರೆ ಹದಿನೈದು ದಿನಕ್ಕೆ ಮುಗಿಯಿತು. ಅಕ್ಕ ಐವತ್ತು ದಿನ ಎಣಿಸ್ತಾ ಕೂತರು. ತಿಂಗಳು ಕಳೆಯೋದರಲ್ಲಿ ಹುಡುಗನಿಗೆ ಕೆಮ್ಮು ಮೊದಲಿಗಿಂತ ಜಾಸ್ತಿ ಆಯಿತು. ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದರು. “ಮತ್ತೊಮ್ಮೆ ಕೇಳೋಕೆ ನಾಚಿಕೆ ಆಗಿತ್ತು” ಅಂದರು ಅವರು.

ಕೇಳೋದಕ್ಕೆ ಎರಡೇ ಮಾತು ಸಾಕು. “ಅಗೇನ್, ಪ್ಲೀಸ್.” ಇನ್ನೊಮ್ಮೆ ಹೇಳಿ ಅಂತ ಅರ್ಥ. “ಸ್ಲೋಲಿ, ಪ್ಲೀಸ್.” ನಿಧಾನವಾಗಿ ಹೇಳಿ ಅಂತ. ಇವನ್ನು ಮೊದಲು ಬಾಯಿಪಾಠ ಮಾಡಿ. ಉಳಿದದ್ದು ಆಮೇಲೆ.

ಫಿಫ್ಟೀನ್ ಅಂದಾಗ ಕೊನೆ ಎಳೀತದೆ. ಟೀ…ನ್. ಫಿಫ್ಟಿ ಗಕ್ಕನೆ ನಿಲ್ತದೆ. ಥರ್ಟೀನ್ ಹದಿಮೂರು, ಥರ್ಟಿ ಮೂವತ್ತು. ಸಂತೆಯಲ್ಲೂ ಇದು ಮೋಸ ಮಾಡೋ ಜೋಡಿ. ಸಂಶಯ ಬಂದರೆ “ಒನ್ ಫೈವ್?” ಅಂತ ಕೇಳಿ. ಒಂದು, ಐದು. ಇಲ್ಲವೇ ಚೀಟಿ ಮುಂದಿಟ್ಟು “ರೈಟ್, ಪ್ಲೀಸ್” ಅನ್ನಿ. ಅವರು 15 ಅಂತ ಬರೀತಾರೆ. ಅಂಕಿ ಓದೋದು ನಿಮಗೆ ಈಗ ಬರ್ತದಲ್ಲ!

ಬನ್ನಿ, ಇಬ್ಬಿಬ್ಬರು ಎದುರಾಬದುರು ಕೂತುಕೊಳ್ಳಿ. ಒಬ್ಬರು ಡಾಕ್ಟರ್, ಒಬ್ಬರು ತಾಯಿ.

“ವಾಟ್ ಈಸ್ ದ ಪ್ರಾಬ್ಲಂ?”
“ಫೀವರ್, ಡಾಕ್ಟರ್.”
“ಹೌ ಮೆನಿ ಡೇಸ್?”
“ತ್ರೀ ಡೇಸ್.”
“ಗಿವ್ ದಿಸ್ ಟ್ಯಾಬ್ಲೆಟ್ ಟ್ವೈಸ್ ಎ ಡೇ.”
“ಅಗೇನ್, ಪ್ಲೀಸ್.”
“ಟ್ವೈಸ್ ಎ ಡೇ. ಟೂ ಟೈಮ್ಸ್.”
“ಬಿಫೋರ್ ಫುಡ್? ಆಫ್ಟರ್ ಫುಡ್?”
“ಆಫ್ಟರ್ ಫುಡ್.”

ಫೀವರ್ ಅಂದರೆ ಜ್ವರ. ಹೌ ಮೆನಿ ಡೇಸ್ ಅಂದರೆ ಎಷ್ಟು ದಿನ. ಟ್ವೈಸ್ ಎ ಡೇ ಅಂದರೆ ದಿನಕ್ಕೆ ಎರಡು ಸಲ. ಬಿಫೋರ್ ಫುಡ್ ಊಟಕ್ಕೆ ಮುಂಚೆ, ಆಫ್ಟರ್ ಫುಡ್ ಊಟ ಆದ ಮೇಲೆ. ಮಾತ್ರೆ ತಗೊಂಡಾಗಲೆಲ್ಲ ಈ ಎರಡು ಪ್ರಶ್ನೆ ಬಿಡಬೇಡಿ. ಎಷ್ಟು ಸಲ? ಊಟಕ್ಕೆ ಮುಂಚೆಯೋ, ಆಮೇಲೋ?

ಫೀವರ್ ಅನ್ನುವಾಗ ಬಹಳ ಜನ ಪೀವರ್ ಅಂತಾರೆ. ಮೇಲಿನ ಹಲ್ಲನ್ನು ಕೆಳಗಿನ ತುಟಿಗೆ ಮೆಲ್ಲಗೆ ತಾಗಿಸಿ. ಒಲೆ ಊದುವ ಹಾಗೆ ಉಸಿರು ಬಿಡಿ. ಫ್… ಫೀವರ್. ಫುಡ್. ಕಾಫಿ. ಕಾಪಿ ಅಂದರೆ ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ತೆಗೆದು ಕೊಡ್ತಾರಲ್ಲ, ಅದು. ಕುಡಿಯೋಕೆ ಆಗೋದಿಲ್ಲ.

ಈಗ ಡಾಕ್ಟರ್ ಆದವರು ತಾಯಿ ಆಗಿ. ತಾಯಿ ಆದವರು ಡಾಕ್ಟರ್ ಆಗಿ. ಈ ಸಲ ಮಗುವಿಗೆ ಜ್ವರ ಬೇಡ, ಹೊಟ್ಟೆನೋವು ಇರಲಿ. ಅದಕ್ಕೆ ‘ಸ್ಟಮಕ್ ಪೇನ್’ ಅಂತಾರೆ.