ಸೌದೆ ಸೀಳುವ ಯಂತ್ರ: ಟನ್ ಲೆಕ್ಕ ಸಾಲದು

ಮಲೆನಾಡಿನಲ್ಲಿ ಶಿವರಾತ್ರಿ ಕಳೆಯಿತೆಂದರೆ ಸೌದೆಯ ಚಿಂತೆ ಶುರು. ಬಚ್ಚಲೊಲೆಗೆ ವರ್ಷವಿಡೀ ಸೌದೆ ಬೇಕು. ಅಡಿಕೆ ಬೆಳೆಗಾರರಿಗಾದರೆ ಸುಲಿದ ಹಸಿ ಅಡಿಕೆ ಬೇಯಿಸುವ ಹಂಡೆಯ ಕೆಳಗೂ ಕೊಯ್ಲಿನುದ್ದಕ್ಕೂ ಬೆಂಕಿ ಉರಿಯಬೇಕು. ಜೂನ್ ಮಳೆ ಹಿಡಿಯುವ ಮೊದಲು ಸೀಳಿ, ಒಣಗಿಸಿ, ಕೊಟ್ಟಿಗೆ ಸೇರಿಸದಿದ್ದರೆ ಆ ವರ್ಷ ಹೊಗೆ ಕುಡಿಯುವುದೇ ಗತಿ. ದಿನವಿಡೀ ಕೊಡಲಿ ಬೀಸುವ ಆಳುಗಳು ಸಿಗುವುದು ಅಪರೂಪವಾದ ಮೇಲೆ ಕೃಷಿಮೇಳಗಳಲ್ಲಿ ಸೌದೆ ಸೀಳುವ ಯಂತ್ರದ ಮುಂದೆ ಜನ ನಿಲ್ಲತೊಡಗಿದ್ದಾರೆ. ‘ಇದು ಹತ್ತು ಟನ್, ಅದು ಇಪ್ಪತ್ತು ಟನ್’ ಎಂಬುದು ಮಾರುವವರ ಮೊದಲ ಮಾತು. ಕೊಳ್ಳುವವರು ಬೆರಗಾಗುವುದೂ ಅಲ್ಲೇ, ಎಡವುವುದೂ ಅಲ್ಲೇ.

ಅಷ್ಟು ಕಷ್ಟಪಟ್ಟು ಸೀಳುವುದಾದರೂ ಏಕೆ? ಒಲೆಯ ಬಾಯಿಗೆ ಹಿಡಿಸಲಿ ಎಂದಷ್ಟೇ ಅಲ್ಲ. ಈಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ತೊಗಟೆ ಆ ನೀರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಸೀಳಿದರೆ ಒಳಮೈ ಗಾಳಿಗೆ ತೆರೆದುಕೊಂಡು ಬೇಗ ಒಣಗುತ್ತದೆ. ಅರ್ಧ ನೀರಿರುವ ಒಂದು ಕಿಲೋ ಹಸಿ ಸೌದೆಯಿಂದ ಸಿಗುವ ಉಪಯುಕ್ತ ಶಾಖ ಸುಮಾರು 1,900 ಕಿಲೋ ಕ್ಯಾಲೊರಿ, ನೀರು ಶೇ. 20ಕ್ಕೆ ಇಳಿದ ಒಂದು ಕಿಲೋ ಸೌದೆಯಿಂದ ಸುಮಾರು 3,500. ಹಸಿ ಸೌದೆ ಉರಿಸುವವರು ಬೆಂಕಿಯ ಒಂದು ಪಾಲನ್ನು ಆ ನೀರನ್ನು ಆವಿ ಮಾಡುವುದಕ್ಕೇ ಕಳೆಯುತ್ತಾರೆ. ಇನ್ನೊಂದು ಮಾತು: ನೀಲಗಿರಿಯಂಥ ಮರವನ್ನು ಹಸಿಯಿದ್ದಾಗಲೇ ಸೀಳಬೇಕು. ಒಣಗಿದರೆ ಕಬ್ಬಿಣದಂತಾಗುತ್ತದೆ.

ಇನ್ನು ಯಂತ್ರದ ವಿಚಾರ. ಹೈಡ್ರಾಲಿಕ್ ಯಂತ್ರದ ತತ್ವ ಶಾಲೆಯ ಪಾಠವೇ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು ಪಾಸ್ಕಲ್ ತೋರಿಸಿದ್ದು 17ನೇ ಶತಮಾನದಲ್ಲಿ. ಅದೇ ತತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಸೌದೆ ಯಂತ್ರದಲ್ಲೂ ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಅದರೊಳಗಿನ ಕೊಂತ ದಿಮ್ಮಿಯನ್ನು ಉಕ್ಕಿನ ಬೆಣೆಗೆ ಒತ್ತುತ್ತದೆ.

ಕೊಂತದ ಅಡ್ಡಳತೆ 10 ಸೆಂಟಿಮೀಟರ್, ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಎನ್ನಿ. ಬಲ ಸುಮಾರು 12 ಟನ್ ಆಗುತ್ತದೆ. 3 ಎಚ್.ಪಿ. ಮೋಟಾರು ಆ ಒತ್ತಡದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 8 ಲೀಟರ್ ಎಣ್ಣೆ ನೂಕಬಲ್ಲದು. ಹಾಗಾದರೆ ಕೊಂತ 45 ಸೆಂಟಿಮೀಟರ್ ಸಾಗಲು 26 ಸೆಕೆಂಡು ಹಿಡಿಯುತ್ತದೆ. ಈಗ ಅದೇ ಮೋಟಾರು, ಅದೇ ಪಂಪಿಗೆ 13 ಸೆಂಟಿಮೀಟರಿನ ಸಿಲಿಂಡರ್ ಜೋಡಿಸಿದರೆ ಯಂತ್ರ 20 ಟನ್ನಿನದಾಗಿಬಿಡುತ್ತದೆ! ಆದರೆ ಅಷ್ಟೇ ದೂರ ಸಾಗಲು ಈಗ 45 ಸೆಕೆಂಡು ಬೇಕು. ಟನ್ನನ್ನು ಹೀಗೆ ಎಷ್ಟು ಬೇಕಾದರೂ ಹೆಚ್ಚಿಸಬಹುದು, ಎಚ್.ಪಿ.ಯನ್ನು ಮಾತ್ರ ಮಾತಿನಲ್ಲಿ ಹೆಚ್ಚಿಸಲಾಗದು. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇದು: ಪಂಪು ನಿಮಿಷಕ್ಕೆ ಎಷ್ಟು ಲೀಟರ್, ಯಾವ ಒತ್ತಡದಲ್ಲಿ? ಜೊತೆಗೆ, ಎರಡು ಹಂತದ ಪಂಪು ಉಂಟೇ ಎಂದೂ ಕೇಳಬೇಕು. ಬೆಣೆ ಮರದೊಳಗೆ ಹೊಗುವ ಕ್ಷಣದಲ್ಲಿ ದೊಡ್ಡ ಬಲ ಬೇಕು; ಬಿರುಕು ಬಿಟ್ಟ ಮೇಲೆ ಸಣ್ಣ ಬಲ ಸಾಕು. ಎರಡು ಹಂತದ ಪಂಪು ಹಗುರ ಕೆಲಸದಲ್ಲಿ ವೇಗವಾಗಿ ನೂಕಿ, ಗಂಟು ಸಿಕ್ಕಾಗ ತಾನಾಗಿಯೇ ನಿಧಾನವಾಗಿ ಜೋರು ಮಾಡುತ್ತದೆ.

ವಿದ್ಯುತ್ತಿನದು ಬೇರೆಯೇ ಕಥೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಉಳಿಯುವುದು ಸುಮಾರು ಶೇ. 60 ಮಾತ್ರ. ಮೇಳದ ಚಪ್ಪರದಲ್ಲಿ ಚೆನ್ನಾಗಿ ಓಡಿದ ಯಂತ್ರ ತೋಟದ ಮನೆಯಲ್ಲಿ ಗೊರಗೊರ ಎಂದು ನಿಂತರೆ ಅಚ್ಚರಿಯಿಲ್ಲ. ಟ್ರ್ಯಾಕ್ಟರಿನ ಹಿಂದಿನ ದಂಡಕ್ಕೆ ಜೋಡಿಸುವ ಯಂತ್ರಕ್ಕೆ ಈ ತೊಂದರೆಯಿಲ್ಲ. ಆದರೆ 8 ಎಚ್.ಪಿ. ಕೆಲಸಕ್ಕೆ 35 ಎಚ್.ಪಿ. ಎಂಜಿನ್ ಓಡಿಸಿದರೆ ಡೀಸೆಲ್ ಖರ್ಚು ನೋಡಿಕೊಳ್ಳಬೇಕು.

ಅಗ್ಗದ್ದೆಂದು ಹಲವರ ಕಣ್ಣು ಹೋಗುವುದು ತಿರುಪಿನ ಯಂತ್ರದ ಕಡೆಗೆ. ಬುಗುರಿಯಂಥ ಉಕ್ಕಿನ ಶಂಕು, ಮೈತುಂಬ ತಿರುಪಿನ ಹಲ್ಲು. ಮೋಟಾರು ತಿರುಗುತ್ತಿರುವಾಗ ದಿಮ್ಮಿಯನ್ನು ಅದಕ್ಕೆ ತಾಗಿಸಿದರೆ ತಾನೇ ಒಳಹೊಕ್ಕು ಸೀಳುತ್ತದೆ. ಕೆಲಸ ಚುರುಕು, ಬೆಲೆಯೂ ಕಡಿಮೆ. ಆದರೆ ದಿಮ್ಮಿಗೆ ಸರಿಯಾದ ತಡೆ ಸಿಗದಿದ್ದರೆ ಅದು ಶಂಕುವಿನ ಜೊತೆಗೇ ಗಿರ್ರನೆ ತಿರುಗಿ ಹಿಡಿದವರ ಮೇಲೆ ಬೀಳುತ್ತದೆ. ಲುಂಗಿಯ ಅಂಚು, ಹೆಗಲ ಟವೆಲು, ಸೀರೆಯ ಸೆರಗು, ಕೈಚೀಲ ಯಾವುದು ಸಿಕ್ಕಿದರೂ ಸುತ್ತಿಕೊಳ್ಳುತ್ತದೆ. ಸ್ವಿಚ್ಚಿಗೆ ಓಡುವಷ್ಟು ಸಮಯ ಇರುವುದಿಲ್ಲ. ಉಳಿಸಿದ ಕೆಲವು ಸಾವಿರ ರೂಪಾಯಿ ಒಂದು ಕೈಯ ಬೆಲೆಗೆ ಸಮವಲ್ಲ. ಹಣವಿಲ್ಲದಿದ್ದರೆ ಕೊಡಲಿಯೇ ವಾಸಿ.

ಹೈಡ್ರಾಲಿಕ್ ಯಂತ್ರವೇನು ಸಾಧುಪ್ರಾಣಿಯಲ್ಲ. ಒಂದು ಕೈಯಲ್ಲಿ ದಿಮ್ಮಿ ಹಿಡಿದು ಇನ್ನೊಂದರಲ್ಲಿ ಸನ್ನೆ ಒತ್ತುವವರ ಬೆರಳು ಬೆಣೆಗೆ ಸಿಗುತ್ತದೆ. ಹಾಗಾಗದಂತೆ ಎರಡೂ ಕೈಗಳಿಂದ ಎರಡು ಸನ್ನೆ ಒತ್ತಿದರೆ ಮಾತ್ರ ಚಲಿಸುವ, ಒಂದನ್ನು ಬಿಟ್ಟರೂ ನಿಲ್ಲುವ ಯಂತ್ರಗಳಿವೆ. ಯುರೋಪಿನಲ್ಲಿ ಬಹುಕಾಲದಿಂದ ಇದು ರೂಢಿಯಲ್ಲಿದೆ. ಅಂಥದೇ ಬೇಕೆಂದು ಹಟ ಹಿಡಿಯಬೇಕು. ಕೆಲಸ ಮಾಡುವವನು ಎರಡನೆಯ ಸನ್ನೆಯನ್ನು ತಂತಿಯಿಂದ ಕಟ್ಟಿಹಾಕದಂತೆ ನೋಡಿಕೊಳ್ಳುವುದು ಯಜಮಾನನ ಹೊಣೆ. ಎಣ್ಣೆಯ ಕೊಳವೆ ಜಿನುಗಿದರೆ ಬೆರಳಿಟ್ಟು ನೋಡಬಾರದು. ಸೂಜಿರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೇ ಹೊಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಫಿನ್ಲೆಂಡಿನಂಥ ಚಳಿದೇಶಗಳಲ್ಲಿ ಉದ್ದ ದಿಮ್ಮಿ ಇಟ್ಟರೆ ತಾನೇ ಕೊಯ್ದು, ಸೀಳಿ, ಪಟ್ಟಿಯ ಮೇಲೆ ಸಾಗಿಸಿ ರಾಶಿ ಹಾಕುವ ಯಂತ್ರಗಳಿವೆ. ಅಲ್ಲಿಯ ಬರ್ಚ್, ಪೈನ್ ಮರಗಳು ಕಂಬದಂತೆ ನೆಟ್ಟಗೆ. ನಮ್ಮ ಅಕೇಶಿಯಾ ಸೊಟ್ಟ, ಗಂಟು, ಕವಲು. ಅಂಥ ಯಂತ್ರ ಇಲ್ಲಿ ಪದೇ ಪದೇ ಸಿಕ್ಕಿಕೊಳ್ಳುವುದೇ ಹೆಚ್ಚು. ನಮ್ಮಲ್ಲಿ ದಿಮ್ಮಿಯನ್ನು ಅಳತೆಗೆ ಕೊಯ್ಯುವ ಕೆಲಸ ಬೇರೆಯಾಗಿಯೇ ಉಳಿಯುತ್ತದೆ, ಸೀಳುವ ಯಂತ್ರ ಅದನ್ನು ಮಾಡದು. ಚೈನ್ ಗರಗಸದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೊನೆಯ ಲೆಕ್ಕ ಒಂದಿದೆ, ಇದನ್ನು ಮಾರುವವರು ಹೇಳುವುದಿಲ್ಲ. 25 ಸೆಂಟಿಮೀಟರ್ ದಪ್ಪ, 45 ಸೆಂಟಿಮೀಟರ್ ಉದ್ದದ ಹಸಿ ತುಂಡು ಸುಮಾರು 22 ಕಿಲೋ. ಟನ್ನಿಗೆ 45 ತುಂಡು. ಒಂದೊಂದನ್ನು ನಾಲ್ಕು ಹೋಳು ಮಾಡಲು ಮೂರು ಸಲ ಒತ್ತಬೇಕು. ಒಂದು ಸಲಕ್ಕೆ ಅರ್ಧ ನಿಮಿಷದ ಮೇಲೆ ಹಿಡಿದರೂ ಒಂದು ಟನ್ ಸೌದೆ ಒಂದೂಕಾಲು ಗಂಟೆಯ ಕೆಲಸ. ವರ್ಷಕ್ಕೆ ಐದು ಟನ್ ಬೇಕಾದ ಮನೆಯಲ್ಲಿ ಚಿಕ್ಕ ಯಂತ್ರಕ್ಕೂ ಒಂದೇ ದಿನದ ಕೆಲಸ! ಉಳಿದ 364 ದಿನ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಅಂಥವರು ಸಾಲ ಮಾಡಿ ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಕೇರಿಯ ಹತ್ತು ಮನೆ ಸೇರಿ 8 ಎಚ್.ಪಿ. ಎಂಜಿನ್ನಿನ, ಚಕ್ರವಿರುವ ಒಂದು ಯಂತ್ರ ತರುವುದು ಲಾಭ. ಎಲ್ಲರಿಗೂ ಅದು ಬೇಕಾಗುವುದು ಬೇಸಿಗೆಯ ಅದೇ ಎರಡು ಮೂರು ತಿಂಗಳಲ್ಲಿ. ಯಾರ ಸರದಿ ಯಾವಾಗ, ಎಣ್ಣೆ ಯಾರದು, ಬೆಣೆ ಮುರಿದರೆ ಯಾರು ಕೊಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಜಗಳವಿಲ್ಲ.

ಮುಂಗಡ ಕೊಡುವ ಮೊದಲು ತಮ್ಮದೇ ತೋಟದ ನಾಲ್ಕು ತುಂಡುಗಳನ್ನು ಹೊತ್ತೊಯ್ಯುವುದು ಒಳ್ಳೆಯದು. ಮೇಳದಲ್ಲಿ ಇಟ್ಟಿರುವ ದಿಮ್ಮಿಗಳು ಗಂಟಿಲ್ಲದ, ನೆಟ್ಟಗಿನ ಆಯ್ದ ಮಾಲು. ತಮ್ಮ ಕವಲು ಗಂಟಿನ ಅಕೇಶಿಯಾ ತುಂಡನ್ನು ಇಟ್ಟು, ಗಡಿಯಾರ ನೋಡಿ ಸೆಕೆಂಡು ಎಣಿಸಬೇಕು.